ಕಂಬ ನಾಲ್ಕರ ಗೀರು

ಕಳೆದ ವಾರ ನಾನು ಒಬ್ಬ ಮನುಷ್ಯನ ಸಹಿಯನ್ನು 'ಡಿಫೆಕ್ಟ್' ಎಂದು ಬರೆದೆ. ಅದೂ ನೀಟಾಗಿ ಟೈಪ್ ಮಾಡಿ, ಫೋಟೋ ಅಂಟಿಸಿ.

ಐಟಂ ನಂಬರ್ ನಲವತ್ತಮೂರು. ಕಂಬ ನಾಲ್ಕು, ನೆಲದಿಂದ ಒಂದಡಿ ಮೇಲೆ ಗೀರು. ಗ್ರೈಂಡ್ ಮಾಡಿ ಸರಿಪಡಿಸುವುದು.

ಅಂದಿನಿಂದ ಮೈಯೆಲ್ಲ ಉರಿಯುತ್ತಿದೆ. ಯಾರ ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದು ಒಂದು ಲಿಸ್ಟ್ ಹಾಕಿದ್ದೇನೆ (ಲಿಸ್ಟ್ ಹಾಕುವುದೇ ನನ್ನ ಹೊಟ್ಟೆಪಾಡು). ಅದರಲ್ಲಿ ಮೊದಲ ಹೆಸರು ಯಾರದೆಂದು ಆಮೇಲೆ ಹೇಳುತ್ತೇನೆ.

ಹಳೆಯ ಓದುಗರಿಗೆ ಗೊತ್ತೇ ಇದೆ. ಹೊಸಬರಿಗಾಗಿ: ದಿನಾ ಬೆಳಿಗ್ಗೆ ಅಲ್ ವಕ್ರಾದಿಂದ ಮೆಟ್ರೋ ಹತ್ತಿ ದೋಹಾದ ವೆಸ್ಟ್ ಬೇಗೆ ಹೋಗುವ ಬಂಟ್ವಾಳದ ಹೆಂಗಸು ನಾನು. ಹೋಟೆಲುಗಳ ಒಳಾಂಗಣ ಮಾಡಿಕೊಡುವ ಕಂಪನಿಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್. ಕೆಲಸ ಮುಗಿದ ಮೇಲೆ ಟಾರ್ಚ್ ಹಿಡಿದು ತಪ್ಪು ಹುಡುಕಿ ಪಟ್ಟಿ ಮಾಡಬೇಕು. ಅದಕ್ಕೆ ಸ್ನ್ಯಾಗ್ ಲಿಸ್ಟ್ ಅನ್ನುತ್ತಾರೆ. ಮನೆಯಲ್ಲೂ ಅದೇ ಕಣ್ಣಲ್ಲಿ ನೋಡುತ್ತೇನೆಂಬುದು ನನ್ನ ಗಂಡನ ದೂರು.

ಈ ಸಲ ಸಿಕ್ಕಿದ್ದು ಒಂದು ಹೋಟೆಲಿನ ಟೀ ಲೌಂಜ್. ಡಿಸೈನರ್ ಸೈಮನ್, ಇಂಗ್ಲೆಂಡಿನವರು. ಮೊದಲ ಮೀಟಿಂಗಿನಲ್ಲಿ ಡ್ರಾಯಿಂಗ್ ತೋರಿಸುತ್ತಾರೆಂದು ನಾವು ಪೆನ್ನು ಹಿಡಿದು ಕುಳಿತರೆ, ಮನುಷ್ಯ ಸ್ಲೈಡುಗಳಲ್ಲಿ ತಮ್ಮ ಹಳ್ಳಿಯ ಚರ್ಚನ್ನು ತೋರಿಸಿದರು. ಲೌಂಜಿನ ಕಂಬ, ಕಮಾನು ಎಲ್ಲ ಅದೇ ಥರ ಆಗಬೇಕಂತೆ.

ಎಂಟುನೂರು ವರ್ಷ ಹಳೆಯ ಚರ್ಚಂತೆ. ಒಂದು ಪಕ್ಕದಲ್ಲಿ ದಪ್ಪ ದಪ್ಪ ಕಂಬ, ಅರ್ಧಚಂದ್ರದ ಹಾಗೆ ದುಂಡನೆಯ ಕಮಾನು. ಇನ್ನೊಂದು ಪಕ್ಕವನ್ನು ಜನ ಹೆಚ್ಚಾದ ಮೇಲೆ ಅಗಲ ಮಾಡಿದ್ದು. ಅಷ್ಟರಲ್ಲಿ ಕಾಲ ಬದಲಾಗಿತ್ತು. ಅಲ್ಲಿ ಕಂಬ ತೆಳು, ಕಮಾನಿನ ತುದಿ ಚೂಪು. ಮೇಲೆ ಓಕ್ ಮರದ ಮಾಡು, ದೋಣಿ ಮಗುಚಿ ಹಾಕಿದ ಹಾಗೆ. ತೆಳು ಕಂಬದ ಸಾಲಿನಲ್ಲಿ ನಾಲ್ಕನೆಯದರ ತಲೆಯ ಮೇಲೆ ಎಲೆಗಳ ಕೆತ್ತನೆ. ಆದರೆ ಅರ್ಧ ಮಾತ್ರ. ಉಳಿದರ್ಧ ಬೋಳು ಕಲ್ಲು.

"ಪ್ಲೇಗ್ ಬಂತು," ಅಂದರು ಸೈಮನ್. "ಕೆತ್ತುತ್ತಿದ್ದವನು ಸತ್ತ ಎನ್ನುತ್ತಾರೆ ನಮ್ಮೂರಲ್ಲಿ. ಮತ್ತೆ ಯಾರೂ ಅದನ್ನು ಮುಟ್ಟಲಿಲ್ಲ."

ಕೊನೆಯ ಸ್ಲೈಡಿನಲ್ಲಿ ಅದೇ ಕಂಬದ ಬುಡ. ಅಲ್ಲೊಂದು ಪುಟ್ಟ ಗುರುತು, ಬಾಣದ ಮೇಲೆ ಅಡ್ಡಗೆರೆ ಎಳೆದಂತೆ. ಕೆತ್ತಿದವನ ಗುರುತು ಅದು. ಓದು ಬರಹ ಬಾರದವನ ಸಹಿ. ಚಿಕ್ಕವನಿದ್ದಾಗ ಪ್ರತಿ ಭಾನುವಾರ ಅದರ ಮೇಲೆ ಬೆರಳಾಡಿಸುತ್ತಿದ್ದೆ ಎನ್ನುವಾಗ ಸೈಮನ್ ಕಣ್ಣು ಒದ್ದೆಯಾಗಿತ್ತು. ಸುಳ್ಳೇಕೆ, ನನ್ನದೂ.

ಹಿಂದಿನ ಸಾಲಿನಲ್ಲಿ ಕಲ್ಲಿನ ಸ್ಯಾಂಪಲ್ ಹಿಡಿದು ಕುಳಿತಿದ್ದವರು ವಾಮನ ಆಚಾರ್ಯರು. ಕಾರ್ಕಳದವರು, ತಲೆತಲಾಂತರದಿಂದ ಕಲ್ಲು ಕೆತ್ತುವ ಮನೆತನ. ನಾವಿಬ್ಬರೂ ತುಳುವಿನಲ್ಲಿ ಮಾತಾಡುವುದು, ನಿಮಗಾಗಿ ಊರ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಎಂತ ಹೇಳ್ತಾರೆ ಇವರು?" ಎಂದು ಕೇಳಿದರು. ಎಲ್ಲವನ್ನೂ ವಿವರಿಸಿದೆ. ಆಚಾರ್ಯರ ಮುಖ ಅರಳಿತು.

"ನಮ್ಮಲ್ಲಿಯೂ ಉಂಟಲ್ಲ ಮಾರಾಯ್ರೆ! ನನ್ನ ಅಪ್ಪನದ್ದು ಎರಡು ಗೆರೆ, ಕೆಳಗೆ ಒಂದು ಚುಕ್ಕಿ. ಅಜ್ಜನದ್ದೂ ಅದೇ. ಇಲ್ಲಿಗೆ ಬಂದ ಮೇಲೆ ನಾನು ಎಲ್ಲಿಯೂ ಹಾಕ್ಲಿಲ್ಲ."

"ಯಾಕೆ?"

"ಇಷ್ಟು ವರ್ಷ ಮಾಡಿದ್ದು ಟೈಲ್ಸು. ಟೈಲ್ಸಿಗೆ ಎಂತ ಗುರುತು?"

"ಈ ಕಂಬಕ್ಕೆ ಹಾಕಿ," ಅಂದೆ. ಹೌದು, ನಾನೇ ಅಂದೆ.

ಮುಂದಿನ ನಾಲ್ಕು ತಿಂಗಳು ಅವರು ಒಮಾನಿನಿಂದ ಬಂದ ಸುಣ್ಣಕಲ್ಲನ್ನು ಕೆತ್ತಿದರು (ಒಳಗಡೆ ಸ್ಟೀಲ್, ಹೊರಗಡೆ ಕಲ್ಲಿನ ಹೊದಿಕೆ. ಗಟ್ಟಿ ಕಂಬ ಯಾರಿಗೆ ಬೇಕು?). ಅವರಿಗೆ ಸಂಕಟವಾದದ್ದು ಒಂದೇ ಕಡೆ, ಆ ಅರ್ಧ ಎಲೆ. ಡ್ರಾಯಿಂಗ್ ಪ್ರಕಾರ ಅರ್ಧಕ್ಕೇ ನಿಲ್ಲಿಸಬೇಕು. "ಸತ್ತವ ಬಿಟ್ಟದ್ದು ಸರಿ. ನಾನು ಬದುಕಿದ್ದೇನಲ್ಲ, ನಾನು ಯಾಕೆ ಅರ್ಧ ಬಿಡುವುದು?" ಎಂದು ಗೊಣಗಿದರು. ಕೊನೆಗೆ ಹೇಳಿದಂತೆ ಬಿಟ್ಟರು. ನಾಲ್ಕನೇ ಕಂಬದ ಬುಡದಲ್ಲಿ, ಹೆಬ್ಬೆರಳ ಉಗುರಿನಷ್ಟು ಜಾಗದಲ್ಲಿ, ಎರಡು ಗೆರೆ ಒಂದು ಚುಕ್ಕಿ ಹಾಕಿದರು.

ನನ್ನನ್ನು ಕರೆದು ತೋರಿಸಿದರು ಕೂಡ. ಮೊಬೈಲಿನಲ್ಲಿ ಫೋಟೋ ತೆಗೆದು ಕಾರ್ಕಳದಲ್ಲಿರುವ ಮಗಳಿಗೆ ಕಳಿಸಿದರು. "ನಿನ್ನ ಅಪ್ಪನದ್ದು" ಎಂದು ಕೆಳಗೆ ಬರೆದಿದ್ದರು.

ಕಳೆದ ವಾರ ಇನ್‌ಸ್ಪೆಕ್ಷನ್. ಹೋಟೆಲಿನ ಪ್ರಾಜೆಕ್ಟ್ ಮ್ಯಾನೇಜರ್, ಸೈಮನ್, ನಾನು. ಮ್ಯಾನೇಜರ್ ಟಾರ್ಚ್ ಆ ಗುರುತಿನ ಮೇಲೆ ನಿಂತಿತು.

"ಸ್ಕ್ರಾಚ್."

ನಾನು ಸೈಮನ್ ಮುಖ ನೋಡಿದೆ. ಅವರು ಮಂಡಿಯೂರಿ ಕುಳಿತರು, ಬೆರಳಾಡಿಸಿದರು. ಅಬ್ಬ, ಬಚಾವ್ ಅಂದುಕೊಂಡೆ. ಗುರುತು ಎಂದರೆ ಏನೆಂದು ಇವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಇದು ಒರಿಜಿನಲ್‌ನಲ್ಲಿ ಇಲ್ಲ," ಎಂದರು ಸೈಮನ್. "ಅಥೆಂಟಿಕ್ ಅನಿಸುವುದಿಲ್ಲ. ಇದನ್ನು ತೆಗೆಸಿ, ಆ ಬಾಣದ ಗುರುತನ್ನು ಇಲ್ಲಿ ಹಾಕಿಸಿ. ಪಕ್ಕದಲ್ಲಿ ಒಂದು ಹಿತ್ತಾಳೆ ಪ್ಲೇಟ್ ಇರಲಿ. ಗೆಸ್ಟ್‌ಗಳಿಗೆ ಕತೆ ಗೊತ್ತಾಗಬೇಕು."

ಅಥೆಂಟಿಕ್! ಒಳಗೆ ಸ್ಟೀಲ್ ತುಂಬಿದ ಕಂಬಕ್ಕೆ! ಇಡೀ ಲೌಂಜಿನಲ್ಲಿ ಅಸಲಿ ಎಂಬುದೊಂದಿದ್ದರೆ ಅದು ಆ ಎರಡು ಗೆರೆ ಒಂದು ಚುಕ್ಕಿ. ಅದನ್ನು ಉಜ್ಜಿ ಹಾಕಿ, ಆ ಜಾಗದಲ್ಲಿ ನಕಲಿ ಬಾಣ ಕೆತ್ತಬೇಕಂತೆ. ಸಹಿ ನೋಡಿ ಕಣ್ಣೀರು ಬರಬೇಕಾದರೆ ಸಹಿ ಮಾಡಿದವನು ಎಷ್ಟು ಶತಮಾನದ ಹಿಂದೆ ಸತ್ತಿರಬೇಕು ಸ್ವಾಮಿ?

ಇದನ್ನೆಲ್ಲ ನಾನು ಅಲ್ಲೇ ಹೇಳಿದೆ ಅಂದುಕೊಂಡಿರಾ? ಇಲ್ಲ. "ನೋಟೆಡ್" ಅಂದೆ. ಟ್ಯಾಬ್ ತೆಗೆದು ಐಟಂ ನಲವತ್ತಮೂರು ಟೈಪ್ ಮಾಡಿದೆ. ವೀಸಾ, ಮಕ್ಕಳ ಶಾಲೆ, ಮುಂದಿನ ಪ್ರಾಜೆಕ್ಟ್, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಅವು ಬಂದಾಗ ನಾಲಿಗೆ ಬಾಯೊಳಗೇ ಕೂರುತ್ತದೆ.

ಆಚಾರ್ಯರಿಗೆ ಹೇಳುವ ಕೆಲಸವೂ ನನಗೇ ಬಂತು. ಗ್ರೈಂಡರ್ ತಂದು ತಮ್ಮ ಗುರುತನ್ನು ತಾವೇ ಉಜ್ಜಿದರು. ಎರಡು ನಿಮಿಷವೂ ಹಿಡಿಯಲಿಲ್ಲ. ಮುಖದ ಧೂಳು ಒರೆಸಿಕೊಂಡು ಹೇಳಿದರು:

"ನನ್ನದು ತೆಗೆದೆ. ಅವನದ್ದು ನಾನು ಹಾಕ್ಲಿಕ್ಕಿಲ್ಲ."

"ಬರೀ ಬಾಣ ಅಲ್ವಾ ಆಚಾರ್ರೆ, ಹಾಕಿ ಬಿಡಿ. ಯಲ್ಲಾ, ಬೇಗ ಖಲಾಸ್ ಮಾಡುವ."

"ಬಾಣ ಅಲ್ಲ ಅಕ್ಕ, ಅದು ಅವನ ಹೆಸರು. ಅವ ಮಾಡಿದ ಕಂಬಕ್ಕೆ ಅವ ಹಾಕಿದ್ದು. ಈ ಕಂಬ ಅವ ಮಾಡಿದ್ದಾ? ಇನ್ನೊಬ್ಬನ ಗುರುತು ಹಾಕಿದ್ರೆ ನಮ್ಮಲ್ಲಿ ಕಳ್ಳ ಅಂತಾರೆ. ಅವ ಬಿಳಿಯವ ಆದ್ರೇನು, ಸತ್ತವ ಆದ್ರೇನು? ಕಲ್ಲಿನ ಕೆಲಸದವನೇ ಅಲ್ವಾ?"

ಆ ಸತ್ತ ಇಂಗ್ಲಿಷ್ ಕಲ್ಲುಕುಟಿಗನಿಗೆ ಆ ಲೌಂಜಿನಲ್ಲಿ ನಿಜವಾದ ಮರ್ಯಾದೆ ಕೊಟ್ಟವರು ಇವರೊಬ್ಬರೇ. ಪರಿಣಾಮ? 'ನಾನ್ ಕೋಆಪರೇಟಿವ್' ಎಂಬ ಒಂದು ಸಾಲಿನ ಮೇಲ್. ಆಚಾರ್ಯರು ಈಗ ಅಲ್ ಗರಾಫಾದ ಯಾವುದೋ ವಿಲ್ಲಾದಲ್ಲಿ ಬಾತ್‌ರೂಮ್ ಟೈಲ್ಸ್ ಕೂರಿಸುತ್ತಿದ್ದಾರೆ. ಬಾಣವನ್ನು ಲೇಸರ್ ಮೆಷಿನ್ ಹಾಕಿತು. ಹಿತ್ತಾಳೆ ಪ್ಲೇಟಿನ ಮೇಲೆ 'ಹೆಸರಿಲ್ಲದ ಶಿಲ್ಪಿಯ ನೆನಪಿಗೆ' ಎಂದು ಇಂಗ್ಲಿಷಿನಲ್ಲಿದೆ. ನಗಬೇಕೋ ಉಗಿಯಬೇಕೋ?

ಸೈಮನ್ ಅವರನ್ನು ಬೈದು ಕೈ ತೊಳೆದುಕೊಳ್ಳಬಹುದು. ನಾವೇನು ಕಡಿಮೆಯೇ? ಹೋದ ಸಲದ ರಾಜ್ಯೋತ್ಸವದಲ್ಲಿ ಇಲ್ಲಿನ ಸಭಾಂಗಣದ ವೇದಿಕೆಯ ಮೇಲೆ ಥರ್ಮಾಕೋಲಿನಲ್ಲಿ ಮಾಡಿದ ಕಲ್ಲಿನ ರಥ ನಿಂತಿತ್ತಲ್ಲ, ಎಲ್ಲರೂ ಮುಂದೆ ನಿಂತು ಸೆಲ್ಫಿ ತೆಗೆದುಕೊಂಡೆವಲ್ಲ, ಮಾಡಿದವರು ಯಾರು? ಸ್ಪಾನ್ಸರುಗಳ ಹೆಸರನ್ನು ಮೂರು ಸಲ ಓದಿದರು. ಶಾಲು, ಪೇಟ, ಮೆಮೆಂಟೋ ಎಲ್ಲ ಆಯಿತು. ಮಾಡಿದವರು ಕೊನೆಯ ಪಂಕ್ತಿಯಲ್ಲಿ ತಣ್ಣಗಾದ ಅನ್ನ ಉಣ್ಣುತ್ತಿದ್ದರು. ನಿಮ್ಮ ಮನೆಯ ಅಡುಗೆಕಟ್ಟೆಯ ಕಲ್ಲು ಕೂರಿಸಿದವರ ಹೆಸರು ಹೇಳಿ ನೋಡೋಣ. ನನಗೂ ಗೊತ್ತಿಲ್ಲ.

ಈಗ ನನ್ನ ಸಿಟ್ಟಿನ ಲಿಸ್ಟಿನ ಮೊದಲ ಹೆಸರಿಗೆ ಬರೋಣ. ಮೊನ್ನೆ ಐಟಂ ನಲವತ್ತಮೂರನ್ನು ಕ್ಲೋಸ್ ಮಾಡಬೇಕಿತ್ತು. ಫಾರ್ಮಿನಲ್ಲಿ ಒಂದು ಕಾಲಂ: 'ದೋಷಕ್ಕೆ ಕಾರಣರಾದವರು'. ಖಾಲಿ ಬಿಟ್ಟರೆ ಸಿಸ್ಟಮ್ ಮುಂದಕ್ಕೆ ಹೋಗುವುದಿಲ್ಲ. ಲಿಸ್ಟಿನ ಆ ಮೊದಲ ಹೆಸರನ್ನೇ, ನನ್ನ ಹೆಸರನ್ನೇ, ಅಲ್ಲಿ ಬರೆಯಬಹುದಿತ್ತು. 'ಹಾಕಿ' ಎಂದವಳು ನಾನೇ ತಾನೇ? ಬರೆಯಲಿಲ್ಲ.

ಆ ಹೋಟೆಲಿನ ಡ್ರಾಯಿಂಗುಗಳಲ್ಲಿ, ಬೋರ್ಡುಗಳಲ್ಲಿ, ಥ್ಯಾಂಕ್ಯೂ ಮೇಲುಗಳಲ್ಲಿ, ಎಲ್ಲಿ ಹುಡುಕಿದರೂ ವಾಮನ ಆಚಾರ್ಯ ಎಂಬ ಹೆಸರು ಸಿಗುವುದು ಒಂದೇ ಕಡೆ. ಡಿಫೆಕ್ಟ್ ಎಂಬ ಪದದ ಪಕ್ಕದಲ್ಲಿ, ನನ್ನ ಸಹಿಯ ಮೇಲೆ.