ಗೋಧಿ ಬಣ್ಣದ ಮ್ಯಾಚಿಂಗ್

ಯಮುನಾಬಾಯಿಯ ಕಪಾಟಿನಲ್ಲಿ ಹನ್ನೊಂದು ಸೀರೆ ಇದ್ದವು, ಅವುಗಳಲ್ಲಿ ಏಳು ಕರಿಯವು. ಹೈದರಾಬಾದಿನ ತಾರ್ನಾಕದ ಒಂದು ಹುಡುಗಿಯರ ಶಾಲೆಯಲ್ಲಿ ಆಕೆ ಗಣಿತ ಕಲಿಸುತ್ತಿದ್ದಳು. ಹುಡುಗಿಯರು ಬೆನ್ನ ಹಿಂದೆ ‘ಬ್ಲ್ಯಾಕ್‌ಬೋರ್ಡ್’ ಅನ್ನುತ್ತಿದ್ದದ್ದು ಆಕೆಗೆ ಗೊತ್ತಿತ್ತು. “ಬೋರ್ಡ್ ಅಂತ ಅನ್ಲಿ, ಬೋರ್ ಅನ್ನದಿದ್ರ ಸಾಕು” ಎಂದು ಸ್ಟಾಫ್ ರೂಮಿನಲ್ಲಿ ತಾನೇ ಹೇಳಿ ನಗಿಸುತ್ತಿದ್ದಳು. ಮೈಬಣ್ಣ ಕಪ್ಪು. ಆಕೆಯ ಲೆಕ್ಕ ಸರಳವಾಗಿತ್ತು: ಕರಿ ಸೀರೆಯ ಪಕ್ಕದಲ್ಲಿ ಎಂಥ ಮೈಯೂ ಗುಲಗಂಜಿಯಷ್ಟಾದರೂ ಬೆಳ್ಳಗೆ ಕಾಣುತ್ತದೆ.

ವಯಸ್ಸು ಮೂವತ್ತೆಂಟು. ಹದಿನಾಲ್ಕು ವರ್ಷದಿಂದ ಅಣ್ಣ ಪ್ರಾಣೇಶನ ಮನೆಯಲ್ಲೇ ಇದ್ದಳು. ಪ್ರಾಣೇಶ ಸರ್ಕಾರಿ ನೌಕರ. ಆಫೀಸಿನಲ್ಲಿ ಸಾಹೇಬರು ಹೇಳಿದ್ದಕ್ಕೆ ಹೂಂ, ಮನೆಯಲ್ಲಿ ಹೆಂಡತಿ ಸಾವಿತ್ರಿಬಾಯಿ ಹೇಳಿದ್ದಕ್ಕೆ ಹೂಂಹೂಂ. ಬೆಳಗಿನ ಅಡಿಗೆ, ನೀರು ಹಿಡಿಯುವುದು, ಅಣ್ಣನ ಇಬ್ಬರು ಮಕ್ಕಳ ಪಾಠ, ಎಲ್ಲ ಯಮುನಾಬಾಯಿಯದು. ಅವಳ ಮಂಚದ ಕೆಳಗಿನ ಟ್ರಂಕಿನಲ್ಲಿ ಆರು ವರ್ಷದ ಹಿಂದೆ ಕೊಂಡ ಒಂದು ಸ್ಟೀಲಿನ ಚಹಾದ ಕಿಟಲಿ ಇತ್ತು. ಇನ್ನೂ ಒಲೆ ಕಂಡಿರಲಿಲ್ಲ. ಎರಡೇ ಕಪ್ ಚಹಾ ಹಿಡಿಯುವಷ್ಟು ಸಣ್ಣದು.

ಎಂಬತ್ತಮೂರರ ಸಂಕ್ರಾಂತಿಗೆ ರಾಯಚೂರಿನಿಂದ ಸಂಬಂಧವೊಂದು ಬಂತು. ದತ್ತಾತ್ರೇಯ ಎಂಬ ಅಂಚೆ ಇಲಾಖೆಯವನು. ಹೆಂಡತಿ ಸತ್ತು ಮೂರು ವರ್ಷ, ಮಕ್ಕಳಿಲ್ಲ. ಕರಿ ಹಬ್ಬ ಕಳೆದ ಮರುದಿನ ತನ್ನ ಅಕ್ಕ ಗಂಗೂಬಾಯಿಯನ್ನು ಕರೆದುಕೊಂಡು ನೋಡಲು ಬರುವವನಿದ್ದ. ಸುದ್ದಿ ಬಂದ ರಾತ್ರಿ ಯಮುನಾಬಾಯಿ ಟ್ರಂಕು ತೆಗೆದು ಕಿಟಲಿಯ ಧೂಳು ಒರೆಸಿಟ್ಟಳು.

“ಅವ್ವನ ಚಂದ್ರಕಾಳಿ ಉಡ್ತೀನಿ ವೈನಿ,” ಎಂದು ಅತ್ತಿಗೆಗೆ ಹೇಳಿದಳು. ಅದು ತಾಯಿ ಬಿಟ್ಟುಹೋದ ಕರಿ ರೇಷ್ಮೆ, ಕೆಂಪು ಅಂಚಿನದು. “ಸಂಕ್ರಾಂತಿಗೆ ಕರೀದು ನಡೀತದಲ್ಲ, ರಥಸಪ್ತಮಿ ತನಕ.”

“ನಡೀತದ, ಮುತ್ತೈದೇರಿಗೆ!” ಎಂದಳು ಸಾವಿತ್ರಿಬಾಯಿ. “ನೋಡ್ಲಿಕ್ಕೆ ಬಂದವರ ಮುಂದ ಕರೀದು ಉಟ್ಟು ಕೂತರ ಎಲ್ಲಿಗೆ ಸೀರಿ ಮುಗೀತು, ಎಲ್ಲಿಂದ ನೀ ಶುರು ಆದಿ ಅಂತ ಅವರಿಗೆ ಹೆಂಗ ತಿಳೀಬೇಕು? ನಡಿ, ಬಜಾರಕ್ಕ.”

ಸುಲ್ತಾನ್ ಬಜಾರಿನ ಮ್ಯಾಚಿಂಗ್ ಸೆಂಟರಿನಲ್ಲಿ ಅಂಗಡಿಯವ ಸೀರೆಯ ಮೇಲೆ ಸೀರೆ ಬಿಚ್ಚಿದ. ನೇವಿ ಬ್ಲೂ ತೋರಿಸಿದರೆ ವೈನಿ, “ಪೊಲೀಸ್ ವ್ಯಾನ್ ಬಂದಂಗ.” ಬಾಟಲ್ ಗ್ರೀನಿಗೆ, “ಬಾವ್ಯಾಗಿನ ಪಾಚಿ.” ಯಮುನಾಬಾಯಿಗೆ ಮರೂನ್ ಹಿಡಿಸಿತು, ಕೈಯಲ್ಲಿ ಹಿಡಿದೂ ನೋಡಿದಳು. ವೈನಿ ಎದೆ ಬಡಿದುಕೊಂಡಳು: “ಅಯ್ಯ, ಬಿಡ ಮಾರಾಯ್ತಿ! ಮಡಿ ಹೆಂಗಸರು ಉಡೋ ಕೆಂಪು ಸೀರಿ ಆತಿದು. ನೋಡಿದವರು ವಿಧವಿ ಅಂದಾರು.”

ಕೊನೆಗೆ ಅಂಗಡಿಯವ ಮೇಲಿನ ಹಲಗೆಯಿಂದ ಒಂದನ್ನು ಇಳಿಸಿದ. “ಫಾನ್ ಕಲರ್, ಮೇಡಂ. ಏಕ್‌ದಮ್ ಲೇಟೆಸ್ಟ್.” ಗೋಧಿ ಬಣ್ಣ. ಅಂಚಿಲ್ಲ, ಹೂವಿಲ್ಲ, ಸೆರಗಿಗೂ ಮೈಗೂ ಭೇದವಿಲ್ಲ.

“ಇದು ಸಿಂಪಲ್,” ಎಂದಳು ವೈನಿ. “ಇದರ ಮ್ಯಾಲೆ ಏನು ಹಾಕಿದರೂ ಎದ್ದು ಕಾಣ್ತದ.”

ಹಾಕುವ ದಿನ ಬಂದಾಗ ವೈನಿ ತೆಗೆಯುತ್ತಲೇ ಹೋದಳು. ಲಾಡ್ ಬಜಾರಿನ ಹಸಿರು ಗಾಜಿನ ಬಳೆ: “ತೆಗಿ, ಹಳ್ಳಿಯವರಂಗ ಗಲಗಲ.” ಕೈಗೆ ಗಡಿಯಾರ ಒಂದೇ ಉಳಿಯಿತು. ಕೆಂಪು ಹರಳಿನ ಬೆಂಡೋಲೆ ಸೀರೆಗೆ ಜಗಳವಂತೆ. ಮಲ್ಲಿಗೆ ಮಾಲೆ ಲೇಟೆಸ್ಟ್ ಅಲ್ಲವಂತೆ. ತಾಯಿಯ ಮುತ್ತಿನ ಸರವನ್ನು ಯಮುನಾಬಾಯಿ ಕೊರಳಿಗೆ ಹಿಡಿದಾಗ, “ತಿಳಿ ಬಣ್ಣದ ಮ್ಯಾಲೆ ಮುತ್ತು ಮುಳುಗಿ ಹೋಗ್ತಾವ, ತಾ ಇಲ್ಲೆ,” ಎಂದು ತಗೊಂಡಳು. ಕುಂಕುಮವನ್ನು ಒರೆಸಿ, ಆಗಷ್ಟೇ ಫ್ಯಾಶನ್ನಾಗಿದ್ದ ಅಂಟಿಸುವ ಟಿಕಳಿ ಹಚ್ಚಿದಳು. ಅದೂ ಮ್ಯಾಚಿಂಗ್, ಕಾಫಿ ಬಣ್ಣದ್ದು. ಯಮುನಾಬಾಯಿಯ ಹಣೆಗೆ ಅಂಟಿದ್ದೇ ತಡ, ಟಿಕಳಿ ಮಾಯ.

ಆಮೇಲೆ ಸಾವಿತ್ರಿಬಾಯಿ ಒಳಗೆ ಹೋಗಿ ತಯಾರಾಗಿ ಬಂದಳು. ಮೈಮೇಲೆ ಚಂದ್ರಕಾಳಿ, ಕೊರಳಲ್ಲಿ ಅತ್ತೆಯ ಮುತ್ತಿನ ಸರ, ತಲೆಯಲ್ಲಿ ಮಲ್ಲಿಗೆ, ಹಣೆಯಲ್ಲಿ ನಾಲ್ಕಾಣೆ ಅಗಲದ ಕುಂಕುಮ.

“ಸಂಕ್ರಾಂತಿ ಅಲ್ಲೇನ? ಮುತ್ತೈದಿ ಕರೀದು ಉಡದಿದ್ರ ಹೆಂಗ?” ಎಂದಳು.

ಪ್ರಾಣೇಶ ಪೇಪರು ಓದುತ್ತಿದ್ದ. ತಂಗಿ ಅವನ ಮುಂದೆ ನಿಂತು, “ಹೆಂಗ ಕಾಣ್ತೀನಿ ಅಣ್ಣಾ?” ಎಂದು ಕೇಳಿದಳು. ಅವನು ಕ್ರಿಕೆಟ್ಟಿನ ಪುಟದಿಂದ ಕಣ್ಣೆತ್ತದೆ, “ಛಲೋ ಕಾಣ್ತೀ,” ಎಂದ.

ರಾಯಚೂರಿನವರು ನಾಲ್ಕಕ್ಕೆ ಬಂದರು. ದತ್ತಾತ್ರೇಯ ಬೊಕ್ಕ ತಲೆಯ, ಸಂಕೋಚದ ಮನುಷ್ಯ. ನೆಲದ ಫರಸಿ ನೋಡುತ್ತ ಕೂತ. ಗಂಗೂಬಾಯಿಗೆ ಕಣ್ಣೂ ಬಾಯೂ ಎರಡೂ ಚುರುಕು. ಯಮುನಾಬಾಯಿ ಅವಲಕ್ಕಿಯ ತಟ್ಟೆ ತಂದಿಟ್ಟಳು. ಸಾವಿತ್ರಿಬಾಯಿ ಗಂಗೂಬಾಯಿಗೆ ಅರಿಶಿನ ಕುಂಕುಮ ಹಚ್ಚಿ ಎಳ್ಳುಬೆಲ್ಲ ಕೊಟ್ಟಳು. ರೂಢಿಯಂತೆ ಗಂಗೂಬಾಯಿಯೂ ಬಟ್ಟಲು ತೆಗೆದುಕೊಂಡು ಸಾವಿತ್ರಿಬಾಯಿಗೆ ಹಚ್ಚಿದಳು. ಬಾಗಿಲಲ್ಲಿ ನಿಂತ ಪಕ್ಕದ ಮನೆಯ ತುಳಸಾಬಾಯಿಗೂ ಹಚ್ಚಿದಳು. ಆಮೇಲೆ ಯಮುನಾಬಾಯಿಯ ಎದುರು ಬಂದಳು.

ಯಮುನಾಬಾಯಿ ಹಣೆ ಮುಂದೆ ಮಾಡಿದಳು.

ಗಂಗೂಬಾಯಿ ಅವಳ ಬಳೆಯಿಲ್ಲದ ಕೈ ನೋಡಿದಳು, ಬೋಳು ಕೊರಳು ನೋಡಿದಳು. ಕುಂಕುಮದ ಬೆರಳನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡು, ಮರುಕದಿಂದಲೇ ಹೇಳಿದಳು: “ನೀವು ಎಳ್ಳುಬೆಲ್ಲ ಅಷ್ಟ ತಗೋರಿ, ಅವ್ವಾರ. ಹುಡುಗೀನ್ನ ಕರೀರಿ ಇನ್ನ, ನಮ್ಮ ಬಸ್ಸಿಗೆ ಹೊತ್ತಾಗ್ತದ.”

ತುಳಸಾಬಾಯಿ ಸೆರಗು ಬಾಯಿಗೆ ಒತ್ತಿಕೊಂಡಳು. ಪ್ರಾಣೇಶ ಕೆಮ್ಮಿದ.

“ಇಕೀನೇ ಹುಡುಗಿ,” ಎಂದಳು ಸಾವಿತ್ರಿಬಾಯಿ.

“ತಪ್ಪಾತವ್ವಾ, ತಪ್ಪಾತು,” ಎಂದು ಗಂಗೂಬಾಯಿ ಬೆರಳು ಮುಂದೆ ಮಾಡಿ ಹಚ್ಚಲು ಹೋದಳು. ಗಾಬರಿಯಲ್ಲಿ ಬಟ್ಟಲು ಜಾರಿ ಕುಂಕುಮವೆಲ್ಲ ನೆಲದ ಪಾಲಾಯಿತು. ಮೊದಲು ಕುಂಕುಮ ತಪ್ಪಿತ್ತು, ಈಗ ಚೆಲ್ಲಿತು. ಇನ್ನು ಶಕುನಕ್ಕೆ ಪಂಚಾಂಗ ಯಾಕೆ? ಹೆಂಡತಿಯನ್ನು ಒಮ್ಮೆ ಕಳೆದುಕೊಂಡ ದತ್ತಾತ್ರೇಯ ಮೊದಲ ಸಲ ತಲೆಯೆತ್ತಿ ಬಾಗಿಲ ಕಡೆ ನೋಡಿದ. ಚಹಾ ಕುಡಿಯದೆ ಎದ್ದರು. “ಪತ್ರಾ ಬರೀತೀವಿ,” ಎಂದರು. ಅಂಚೆಯವನಾದರೂ ಆತನ ಪತ್ರ ಬರಲಿಲ್ಲ.

ಸಾವಿತ್ರಿಬಾಯಿ ಬೇಕೆಂದೇ ಮಾಡಿದಳೋ, ಫ್ಯಾಶನ್ನಿನ ಹುಚ್ಚಿಗೆ ಮಾಡಿದಳೋ ಯಾರೂ ಹೇಳಲಾರರು. ವಾರದ ಮೇಲೆ ಒಂದು ಬೆಳಿಗ್ಗೆ, ನಲ್ಲಿಯ ಹತ್ತಿರ ತುಳಸಾಬಾಯಿಗೆ, “ಹೋಗ್ಲಿ ಬಿಡ್ರಿ, ನಮಗೂ ಮನೀ ಕೆಲಸಕ್ಕ ಕೈಯಾಸರಿ ಬೇಕಲ್ಲ,” ಎಂದದ್ದು ಮಾತ್ರ ಅಡಿಗೆಮನೆಯ ಕಿಟಕಿಗೆ ಕೇಳಿತು. ಕಿಟಕಿಯ ಒಳಗೆ ಯಮುನಾಬಾಯಿ ಬೇಳೆ ಕಡೆಯುತ್ತಿದ್ದಳು.

ಕಡೆಗೋಲು ಇಟ್ಟು ಕೈ ತೊಳೆದಳು. ಗೋಧಿ ಬಣ್ಣದ ಸೀರೆಯನ್ನು ತುದಿಗೆ ತುದಿ ಕೂಡಿಸಿ ಮಡಿಸಿದಳು, ಮೇಲೆ ಟಿಕಳಿಯ ಚೀಟಿ ಇಟ್ಟಳು. ಆಫೀಸಿಗೆ ಹೊರಡುವ ಮುಂಚೆ ಪ್ರಾಣೇಶ ಊಟಕ್ಕೆ ಕೂತಿದ್ದ, ನಲ್ಲಿಯಿಂದ ಬಂದ ಸಾವಿತ್ರಿಬಾಯಿ ಬಡಿಸುತ್ತಿದ್ದಳು. ಯಮುನಾಬಾಯಿ ಸೀರೆಯನ್ನು ಎರಡೂ ಕೈಯಿಂದ, ಬಾಗಿನ ಕೊಟ್ಟಂತೆ, ಅವಳ ಮುಂದೆ ಹಿಡಿದಳು.

“ಇದನ್ನ ನೀವ ಇಟ್ಕೋರಿ ವೈನಿ. ನನಗಂತೂ ಉಪಯೋಗಕ್ಕ ಬರಲಿಲ್ಲ. ನಿಮಗ ಒಂದಿನ ಬೇಕಾಗ್ತದ. ಟಿಕಳೀನೂ ಮ್ಯಾಚಿಂಗ್ ಅದ.”

ಸಾವಿತ್ರಿಬಾಯಿಯ ಕೈಯಿಂದ ಸೌಟು ಬಿತ್ತು. ಅವಳ ಕೈ ತಾನಾಗಿ ತಾಳಿಗೆ ಹೋಯಿತು. ಪ್ರಾಣೇಶನ ತುತ್ತು ಬಾಯಿಯ ಹತ್ತಿರವೇ ನಿಂತಿತು. ಅರ್ಥವಾಗಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು.

“ಯಮುನಾ,” ಎಂದ. “ನಾ ನಿನಗ ಏನು ಮಾಡೀನಿ?”

“ಏನೂ ಮಾಡಿಲ್ಲ ಅಣ್ಣಾ,” ಎಂದಳು ಯಮುನಾಬಾಯಿ. “ಹದಿನಾಕು ವರ್ಷದಾಗ ಏನೂ ಮಾಡಿಲ್ಲ.”

ಬಿದ್ದ ಸೌಟನ್ನು ಎತ್ತಿ ತೊಳೆದು, ಅವನ ಅನ್ನಕ್ಕೆ ತಾನೇ ಸಾರು ಹಾಕಿದಳು.