ಗ್ಯಾರೇಜಿನಲ್ಲಿ ಗುಂಯ್ ನಿಂತ ದಿನ

ಪರಪ್ಪ ಜಂಬದ ಮನುಷ್ಯ. ಇನ್ನೊಬ್ಬರು ಮುಂದೆ, ತಾನು ಹಿಂದೆ ಎಂಬುದನ್ನು ಆತ ಒಂದು ಗಳಿಗೆಯೂ ಸಹಿಸಲಾರ. ದ್ವೇಷದಿಂದ ಹೇಳುತ್ತಿಲ್ಲ, ಲಂಡನ್ನಿನ ವೆಂಬ್ಲಿಯ ಆತನ ಮನೆಗೆ ವರ್ಷಗಟ್ಟಲೆ ಹಾಡಲು ಹೋದವಳಾಗಿ ಹೇಳುತ್ತಿದ್ದೇನೆ. ಊಟಕ್ಕೆ ಯಾರು ಎಲ್ಲಿ ಕೂರಬೇಕೆಂದು ಆತ ಹೇಳಬೇಕು. ಟ್ಯೂಬ್ ರೈಲಿನಲ್ಲಿ ಯಾವ ಡಬ್ಬಿ ಹತ್ತಿದರೆ ಇಳಿಯುವಾಗ ಮೆಟ್ಟಿಲು ಎದುರಿಗೇ ಸಿಗುತ್ತದೆಂದು ಆತನೇ ತೋರಿಸಬೇಕು. ಮೆಟ್ಟಿಲು ಎದುರಿಗೇ ಸಿಗುತ್ತಿತ್ತು ಎಂಬುದು ಇನ್ನೂ ಕಿರಿಕಿರಿ.

ಊರು ವಿಜಾಪುರದ ಕಡೆ, ಕೆಲಸ ಅಕ್ಸ್‌ಬ್ರಿಡ್ಜ್‌ನ ವಿಮಾ ಕಚೇರಿಯಲ್ಲಿ. ಕಾರನ್ನು ರಸ್ತೆಗೆ ತಳ್ಳಿ ಗ್ಯಾರೇಜನ್ನು ಹಾಡಿನ ಕೋಣೆ ಮಾಡಿದ್ದ. ಪಕ್ಕದ ಮನೆಯವರು ಗದ್ದಲವೆಂದು ಕೌನ್ಸಿಲ್‌ಗೆ ದೂರಿದ ಮೇಲೆ ಸ್ಪೀಕರುಗಳನ್ನು ಬಂದ್ ಮಾಡಿ ನಮ್ಮೆಲ್ಲರ ತಲೆಗೂ ಹೆಡ್‌ಫೋನ್ ಹಾಕಿಸಿದ. ಕೀಬೋರ್ಡು, ಮೈಕು ಎಲ್ಲವೂ ಮಿಕ್ಸರಿನ ಮೂಲಕ ಕಿವಿಗೇ ಬರುತ್ತಿತ್ತು. ಕಿಟಕಿಯಿಂದ ನೋಡಿದವರಿಗೆ ಸೀರೆಯುಟ್ಟ ಹೆಂಗಸರು ವಿಮಾನ ಹಾರಿಸಲು ಕೂತಂತೆ ಕಂಡಿರಬೇಕು.

2003ರ ಬೇಸಿಗೆಯಲ್ಲಿ ತತ್ವಪದಗಳ ಒಂದು ಸಿ.ಡಿ. ಮಾಡುವುದೆಂದಾಯಿತು. ಮುಖ್ಯ ಹಾಡುಗಾರ್ತಿ ಪರಪ್ಪನ ಅತ್ತೆ ಕಾಶವ್ವ. ಮಗಳ ಮನೆಯಲ್ಲಿ ಇರಲು ಬಂದಿದ್ದ ಎಪ್ಪತ್ತು ದಾಟಿದ ಹೆಂಗಸು. ಊರಿನ ಭಜನೆಯಲ್ಲಿ ಹಿಂದಿನ ಸಾಲಿನಿಂದ ದನಿಗೂಡಿಸಿದ್ದು ಬಿಟ್ಟರೆ ಆಕೆಯ ದನಿಯನ್ನು ಯಾರೂ ಬೇರೆಯಾಗಿ ಕೇಳಿರಲಿಲ್ಲ. ಸಿ.ಡಿ.ಯಲ್ಲಿ ತಾನು ಹಾಡುವುದನ್ನು ಆಕೆ ಆಗಲೇ ವಿಜಾಪುರಕ್ಕೆ ಫೋನು ಮಾಡಿ ತಂಗಿಗೆ ಹೇಳಿಬಿಟ್ಟಿದ್ದರು. ಆದರೆ ಮುದ್ರಣಕ್ಕೆ ಸೋಮವಾರ ಕೊಡಲೇಬೇಕಿತ್ತು. ಭಾನುವಾರ ಕಾಶವ್ವನ ದನಿ ಶ್ರುತಿಯಲ್ಲಿ ನಿಲ್ಲದಿದ್ದರೆ ನಮ್ಮ ಗುಂಪಿನ ಸಿರಿಶಾ ಹಾಡಬೇಕು. ಚೆನ್ನಾಗಿ ಕಲಿತ ಹುಡುಗಿ, ತಪ್ಪುವವಳಲ್ಲ.

ಆ ಭಾನುವಾರ ಮಧ್ಯಾಹ್ನ ಪರಪ್ಪ ಹಾಡಿನ ಬದಲು ರಿಪೇರಿ ಶುರು ಮಾಡಿದ. ತಿಂಗಳುಗಳಿಂದ ಎಲ್ಲರ ಹೆಡ್‌ಫೋನಿನಲ್ಲೂ ಒಂದು ದಪ್ಪ ಗುಂಯ್ ಸದ್ದು ಬರುತ್ತಿತ್ತು. ಅದರ ಬಗ್ಗೆ ದೂರು ಹೇಳದವರೆಂದರೆ ಕಾಶವ್ವ ಒಬ್ಬರೇ. ಅದು ಸಿ.ಡಿ.ಗೂ ಹೋಗುತ್ತದೆಂದು ಪರಪ್ಪ ಒಂದೊಂದೇ ವೈರು ಕಿತ್ತು, ಊದಿ, ಒರೆಸಿ, ಮತ್ತೆ ಚುಚ್ಚಿದ. ನನ್ನ ಎಡಗಿವಿಗೆ ಏನೂ ಕೇಳದಾಯಿತು. ಅದು ನನ್ನ ಕಿವಿಯ ದೋಷವೆಂದ. ಪಿನ್ನನ್ನು ನಾನೇ ಪೂರ್ತಿ ಒತ್ತಿದೆ, ಕೇಳಿಸಿತು.

ಕೀಬೋರ್ಡು ನುಡಿಸುವ ಲೋಕೇಶ ಬೆಂಗಳೂರಿನವನು, ಕಂಪ್ಯೂಟರ್ ಕೆಲಸದವನು. "ಸರ್, ಮಿಕ್ಸರಿನ ಪ್ಲಗ್ ಒಂದು ಗೋಡೇಲಿದೆ, ಕಂಪ್ಯೂಟರಿಂದು ಇನ್ನೊಂದು ಗೋಡೇಲಿದೆ. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್‌ಗೆ ಹಾಕಿ ನೋಡೋಣ್ವಾ?" ಎಂದ.

"ನೀ ಬಾರಿಸೂದು ನೋಡ್ಕೋಪಾ," ಎಂದ ಪರಪ್ಪ.

ಎರಡು ಸುತ್ತು ಚಹಾ ಆದ ಮೇಲೆ ಎರಡನ್ನೂ ಒಂದೇ ಎಕ್ಸ್‌ಟೆನ್ಷನ್‌ಗೆ ಹಾಕಿದ. ಗುಂಯ್ ನಿಂತಿತು. "ನನಗ ಮೊದಲ ಡೌಟ್ ಇತ್ತು," ಎಂದು ಆತ ಘೋಷಿಸಿದಾಗ ಲೋಕೇಶ ಕೀಬೋರ್ಡಿನಲ್ಲಿ ಮಂಗಳಾರತಿಯ ರಾಗ ನುಡಿಸಿದ. ನಾವೆಲ್ಲ ನಕ್ಕೆವು.

ಕಾಶವ್ವ ಹಾಡಲು ಕೂತರು. ಎರಡನೆಯ ಸಾಲಿಗೇ ಸ್ವರ ಮೇಲೇರಿತು. ಮತ್ತೊಮ್ಮೆ ಹಾಡಿದಾಗ ಕೆಳಗಿಳಿಯಿತು. ಆಕೆ ಹೆಡ್‌ಫೋನ್ ತೆಗೆದು ಒಳಗೆ ಇಣುಕಿ ನೋಡಿದರು.

"ನನ್ನ ಶ್ರುತಿ ಎಲ್ಲಿ ಹೋತ್ರಿ?"

ಇಷ್ಟು ತಿಂಗಳು ಆಕೆ ಆ ಗುಂಯ್ ಹಿಡಿದೇ ಹಾಡಿದ್ದರು. ಶ್ರುತಿಗೆಂದು ಅಳಿಯನೇ ಇಟ್ಟ ಸದ್ದೆಂದು ತಿಳಿದಿದ್ದರಂತೆ. ಲೋಕೇಶ ಅದನ್ನು ಕೀಬೋರ್ಡಿನಲ್ಲಿ ಹುಡುಕಿದ. ಅದು ಯಾವ ಕೀಗೂ ಕೂಡದೆ ಎರಡು ಸ್ವರಗಳ ನಡುವೆ ಎಲ್ಲೋ ಇತ್ತು. ಶ್ರುತಿ ಪೆಟ್ಟಿಗೆ ಅಷ್ಟು ಕೆಳಕ್ಕೆ ಇಳಿಯಲಿಲ್ಲ. ಅದರ ದನಿ ಕೇಳಿ ಕಾಶವ್ವ, ಇದು ಗುಂಗಾಡು, ಸೊಳ್ಳೆಯ ದನಿ, ಎಂದು ತಳ್ಳಿದರು. ಸದ್ದನ್ನು ವಾಪಸು ತರೋಣವೆಂದರೆ ಸಿ.ಡಿ. ಕೆಡುತ್ತದೆ.

"ಹುಡುಗಿ ಹಾಡ್ಲಿ ಬಿಡ್ರಿ," ಎಂದು ಆಕೆ ಸೆರಗು ಸರಿಪಡಿಸಿಕೊಂಡು ಎದ್ದರು. "ನಾ ಹಿಂದ ಕೂಡ್ತೀನಿ. ರೂಢಿ ಐತಿ."

ಸಿರಿಶಾ ನನ್ನ ಮುಖ ನೋಡಿದಳು, ಜಾಗದಿಂದ ಏಳಲಿಲ್ಲ. ಮೆಚ್ಚತಕ್ಕ ನಡತೆ.

"ಕೂಡ್ರಿ ಅತ್ತಿ, ಇನ್ನೊಂದ್ ಸಲ," ಎಂದ ಪರಪ್ಪ. ಆತನ ಅಪ್ಪಣೆಯ ದನಿಯೇ ಅದು. ಮೂಲೆಯ ಮಿಕ್ಸರಿಗೆ ಹೋಗಿ, ನಮಗೆ ಬೆನ್ನು ಹಾಕಿ ಕೂತು, ಏನೋ ಗುಂಡಿ ತಿರುಗಿಸಿದ.

ಕಾಶವ್ವ ಒಂದು ಗಳಿಗೆ ಕಿವಿಗೊಟ್ಟು ಕೇಳಿದರು. ಮುಖ ಅರಳಿತು. ದನಿ ಎತ್ತಿದರು, ಅದು ಎಲ್ಲೂ ಅಲುಗಲಿಲ್ಲ. ಅಷ್ಟು ತುಂಬಿದ ದನಿ ಆ ಮುದುಕಿಯಲ್ಲಿತ್ತೆಂದು ನನಗೆ ಗೊತ್ತಿರಲಿಲ್ಲ. ನನಗೆ ಹೆಡ್‌ಫೋನಿನಲ್ಲಿ ಹೊಸದೇನೂ ಕೇಳುತ್ತಿರಲಿಲ್ಲ. ಎರಡು ನುಡಿಗಳ ನಡುವೆ ಆಕೆ ತುಂಟ ಹುಡುಗಿಯಂತೆ ತನ್ನ ಹೆಡ್‌ಫೋನಿನ ಒಂದು ಬದಿಯನ್ನು ನನ್ನ ಕಿವಿಗೆ ಒತ್ತಿದರು.

ಪರಪ್ಪ ಬಾಯಿ ಮುಚ್ಚಿ, ಗಂಟಲಿನಿಂದ ಒಂದೇ ಸ್ವರವನ್ನು ಎಳೆಯುತ್ತಿದ್ದ. ನಡುನಡುವೆ ಉಸಿರು ಕದಿಯುತ್ತಿದ್ದದ್ದೂ ಕೇಳಿಸಿತು. ಆ ದನಿ ಆಕೆಯ ಕಿವಿಗೆ ಬಿಟ್ಟು ಬೇರೆಲ್ಲಿಗೂ ಹೋಗುತ್ತಿರಲಿಲ್ಲ. ಆಮೇಲೆ ಸಿ.ಡಿ.ಯಲ್ಲೂ ಹುಡುಕಿದೆ, ಇಲ್ಲ.

ಹಾಡು ಮುಗಿಯಿತು. ಏನು ಮಾಡಿದಿರಿ ಸರ್ ಎಂದು ಲೋಕೇಶ ಕೇಳಿದ. ಕನೆಕ್ಷನ್ ಲೂಸ್ ಇತ್ತು ಎಂದ ಪರಪ್ಪ.

"ಮುಂದಿಂದು ಹಾಡ್ಲೇನ್ರಿ?" ಎಂದರು ಕಾಶವ್ವ. ಉಳಿದದ್ದು ಏಳು ಹಾಡು. ಪರಪ್ಪ ತಿರುಗಿ ನೋಡದೆ ತಲೆಯಾಡಿಸಿದ. ಒಂದು ಗುಟುಕು ನೀರು ಕುಡಿದು, ಚಿಕ್ಕದೊಂದು ಮೈಕನ್ನು ಗದ್ದದ ಹತ್ತಿರ ಎಳೆದುಕೊಂಡ.