ಮೀಟರ್ ನಂಬದ ಪಕೀರಪ್ಪನವರು

ರಾಯಚೂರಿನ ಸ್ಟೇಷನ್ ಹತ್ತಿರ, ತಗಡಿನ ಶೆಡ್ಡಿನಲ್ಲಿ ಮೋಟಾರು ರಿಪೇರಿ ಮಾಡುತ್ತಿದ್ದ ಪಕೀರಪ್ಪನವರ ಊರು ಕಲ್ಮಲ. ಕೂಲಿಯವರ ಮನೆಯಲ್ಲಿ ಹುಟ್ಟಿ, ಲಾರಿ ತೊಳೆಯುತ್ತ ಕೆಲಸ ಕಲಿತವರು. ಅಕ್ಷರ ಬರುತ್ತಿರಲಿಲ್ಲ, ಅಂಕಿ ಬರುತ್ತಿತ್ತು. ಆದರೆ ಕಾರಿನ ಮೀಟರಿನಲ್ಲಿರುವ ಅಂಕಿಯನ್ನು ಮಾತ್ರ ಅವರು ನಂಬುತ್ತಿರಲಿಲ್ಲ.

"ಮೀಟರ್ ಹಿಂದಕ್ಕ ತಿರುವಬಹುದುರಿ. ಮನುಷ್ಯಾ ಕುಂತಿದ್ದು, ತುಳಿದಿದ್ದು ಹೆಂಗ ಹಿಂದಕ್ಕ ತಿರುವ್ತೀರಿ?" ಎನ್ನುತ್ತಿದ್ದರು.

ಎಪ್ಪತ್ತು, ಎಂಬತ್ತರ ದಶಕದಲ್ಲಿ ನಮ್ಮ ಕಡೆ ಹಳೆಯ ಕಾರು ಕೊಳ್ಳುವವರು ಮೊದಲು ಅವರನ್ನು ಕರೆದೊಯ್ಯುತ್ತಿದ್ದರು. ಡ್ರೈವರ್ ಸೀಟು ಎಷ್ಟು ಕುಸಿದಿದೆ, ಬಾಗಿಲು ತೆರೆದರೆ ಜೋಲುತ್ತದೋ ಇಲ್ಲವೋ ಎಂದು ನೋಡುವರು. ಕೊನೆಗೆ ನೆಲದ ಮೇಲೆ ಕುಳಿತು ಬ್ರೇಕ್ ಪೆಡಲಿನ ರಬ್ಬರನ್ನು ಹೆಬ್ಬೆರಳಿನಿಂದ ಸವರುವರು. ರಬ್ಬರಿನ ಗೆರೆ ಸವೆದಷ್ಟೂ ಕಾರು ಹೆಚ್ಚು ಓಡಿದೆ ಎಂದು ಅವರ ಲೆಕ್ಕ. ಮಾರುವವರ ಮನೆಯಲ್ಲಿ ಒಂದು ಕಪ್ ಚಹಾ ಸಹ ಕುಡಿಯುತ್ತಿರಲಿಲ್ಲ.

ಇದನ್ನೆಲ್ಲ ನನಗೆ ಹೇಳಿದವರು ಮಾನ್ವಿಯ ನೀಲಗಂಗಮ್ಮನವರು. ಎಂಬತ್ತೊಂದರಲ್ಲಿ ಅವರ ಬಲಗಾಲು ಸ್ವಾಧೀನ ತಪ್ಪಿತ್ತು. ವಾರಕ್ಕೆರಡು ಸಲ ರಾಯಚೂರಿನ ಆಸ್ಪತ್ರೆಗೆ ಬಂದು ವ್ಯಾಯಾಮ ಮಾಡಿದರೆ ಮತ್ತೆ ನಡೆಯಬಹುದು, ತಪ್ಪಿಸಿದರೆ ಕಾಲು ಹಾಗೆಯೇ ಉಳಿಯುತ್ತದೆ ಎಂದು ಡಾಕ್ಟರು ಹೇಳಿದ್ದರು. ಬಸ್ಸಿನ ಮೆಟ್ಟಿಲು ಹತ್ತಲು ಅವರಿಂದ ಆಗುತ್ತಿರಲಿಲ್ಲ. ಆದ್ದರಿಂದ ಅವರ ಯಜಮಾನರು, ಅಕ್ಕಿ ಗಿರಣಿಯ ಜಂಬಣ್ಣನವರು, ಹಳೆಯ ಅಂಬಾಸಿಡರ್ ಒಂದನ್ನು ನೋಡಲು ಪಕೀರಪ್ಪನವರೊಡನೆ ದೇವದುರ್ಗಕ್ಕೆ ಹೋದರು.

ಕಾರು ಹತ್ತಿ ವ್ಯಾಪಾರಿ ಮಹಾಂತಯ್ಯನವರದು. ಮೀಟರು ನಲವತ್ತಾರು ಸಾವಿರ ಕಿಲೋಮೀಟರ್ ತೋರಿಸುತ್ತಿತ್ತು. ಅಂದು ಡ್ರೈವರ್ ಊರಲ್ಲಿರಲಿಲ್ಲ. ಎಂಜಿನ್ ಚಾಲೂ ಮಾಡಿ ಆಯಿಲ್ ಮುಚ್ಚಳ ತೆಗೆದಾಗ ತುಸು ಹೊಗೆ ಬಂತು, ಅದು ಎಂಜಿನ್ ಸವೆದಿದ್ದರ ಗುರುತು. ಆದರೆ ಪೆಡಲಿನ ರಬ್ಬರು ಹೊಸದರಂತಿತ್ತು. ಪಕೀರಪ್ಪನವರು "ತಗೋರಿ" ಎಂದರು.

ಮರುವಾರ ಕಾರು ಮಾನ್ವಿಗೆ ಬಂತು. ತೆಂಗಿನಕಾಯಿ ಒಡೆದರೆ ವ್ಯವಹಾರ ಮುಗಿದಂತೆ, ಆಮೇಲೆ ಕಾರು ಹಿಂದಕ್ಕೆ ಹೋಗುವುದಿಲ್ಲ. ಜಂಬಣ್ಣನವರು ಕಾಯಿ ಹಿಡಿದು ನಿಂತಿದ್ದರು. ಕಾರು ತಂದಿದ್ದ ಮಹಾಂತಯ್ಯನವರ ಡ್ರೈವರ್ ಅಬ್ದುಲ್ ವಹೀದ್ ಬರಿಗಾಲಲ್ಲಿ ಇಳಿದು, ಸೀಟಿನ ಕೆಳಗಿದ್ದ ಕಾಗದದ ಪೊಟ್ಟಣ ಬಿಚ್ಚಿ, ಚಪ್ಪಲಿ ತೆಗೆದು ಮೆಟ್ಟಿಕೊಂಡರು.

ಪಕೀರಪ್ಪನವರು ಅದನ್ನೇ ನೋಡುತ್ತಿದ್ದರು. "ವಹೀದ್ ಭಾಯ್, ದಿನಾ ಹಿಂಗಾ ಬರಿಗಾಲಾಗ ನಡೆಸ್ತೀರೇನು?"

"ಹತ್ತು ವರ್ಷ ಆತು. ರೊಟ್ಟಿ ಕೊಡೂ ಗಾಡಿ, ಚಪ್ಪಲ್ದಾಗ ಹೆಂಗ ತುಳೀಲಿ?"

"ಮೀಟರ್?"

"ಎರಡು ಸಲ ಬಂದ್ ಬಿದ್ದಿತ್ತು. ವರ್ಷಗಟ್ಲೆ ಹಂಗಾ ಓಡಿಸೀನಿ. ವಾರ ವಾರ ಹೈದರಾಬಾದಿಗಿ ಹೋಗ್ತಿದ್ವಿ."

"ಮತ್ತ ಹೇಳಬೇಕಿಲ್ಲೇನು?"

"ಯಾರ ಕೇಳ್ಯಾರ?"

ಪಕೀರಪ್ಪನವರು ಜಂಬಣ್ಣನವರ ಮುಂದೆ ಹೋಗಿ ನಿಂತರು. "ಕಾಯಿ ಒಡೀಬ್ಯಾಡ್ರಿ, ಯಜಮಾನ್ರ."

"ಹೋದ ವಾರ ತಗೋರಿ ಅಂದಿ, ಇವತ್ತ ಬ್ಯಾಡ ಅಂತಿ. ನಿಂದು ಬಾಯೋ, ಹಳೇ ಹಾರ್ನೋ? ಒಮ್ಮಿ ಹೊಡೀತದ, ಒಮ್ಮಿ ಇಲ್ಲ."

ನೆರೆದವರು ನಕ್ಕರು. ಪಕೀರಪ್ಪನವರು ತಲೆ ತಗ್ಗಿಸಲಿಲ್ಲ. "ತಪ್ಪು ನಂದಾ ರೀ. ಹೊಗಿ ನೋಡೀನಿ, ಪೆಡಲ್ ನಂಬಿ ಸುಮ್ನಾದೆ. ಬರಿಗಾಲಿಗೆ ರಬ್ಬರ್ ಸವೆಯಂಗಿಲ್ಲಂತ ಹೊಳೀಲಿಲ್ಲ. ಇದು ಏನಿಲ್ಲಂದ್ರೂ ಒಂದೂವರಿ ಲಕ್ಷ ಓಡ್ಯಾದ. ಹಿಂಗಾ ಒಯ್ದರ ಅವ್ವಾರನ್ನ ರಾಯಚೂರಿಗಿ ಹೋಗೂ ಮುಂದ ಕಲ್ಲೂರು ಹಾದ್ಯಾಗ ಬಿಸಲಾಗ ಕೂಡಿಸ್ತದ."

ಕಟ್ಟೆಯ ಮೇಲೆ ಕುಳಿತಿದ್ದ ನೀಲಗಂಗಮ್ಮನವರು ಕೇಳಿದರು. "ಈ ತಿಂಗಳ ನಾ ದವಾಖಾನಿಗಿ ಹೋಗಾಕ ಬೇಕು ಪಕೀರಪ್ಪ. ಇನ್ನೊಂದು ಗಾಡಿ ಹುಡುಕೂದು ಯಾವಾಗ? ರಿಪೇರಿ ಮಾಡಿದ್ರ ಆಗಂಗಿಲ್ಲೇನು?"

ಪಕೀರಪ್ಪನವರು ಪೂಜೆಗೆ ಬಂದವರನ್ನು ಕಾಯಿಸಿ, ಕಾರಿನ ಕೆಳಗೆ ನುಸುಳಿದರು. ಎರಡು ಮೈಲು ಓಡಿಸಿ ತಂದರು. ಒಂದು ತಾಸಾದ ಮೇಲೆ ಹೇಳಿದರು. "ಗೇರು, ಸ್ಟೇರಿಂಗು, ಬಾಡಿ ಗಟ್ಟಿ ಅದಾವ್ರಿ, ಅವ್ವಾರ. ಭಾಯ್ ಹಂಗ ಜ್ವಾಪಾನ ಮಾಡಿ ನಡೆಸ್ಯಾರ. ಎಂಜಿನ್ ಅಷ್ಟಾ ಬಿಚ್ಚಬೇಕು. ಹದಿನೈದು ದಿನ ಕೊಡ್ರಿ."

ವಿಷಯ ತಿಳಿದ ಮಹಾಂತಯ್ಯನವರು ಬೆಲೆ ಇಳಿಸಿದರು, ಜಂಬಣ್ಣನವರು ಕಾಯಿ ಒಡೆದರು. ಪಕೀರಪ್ಪನವರು ಬೇರೆ ಕೆಲಸ ಬದಿಗಿಟ್ಟು ಹನ್ನೊಂದು ದಿನದಲ್ಲಿ ಎಂಜಿನ್ ಕೂಡಿಸಿದರು. ಸಾಮಾನಿನ ಹಣ ಮಾತ್ರ ತೆಗೆದುಕೊಂಡರು, ಕೂಲಿ ಮುಟ್ಟಲಿಲ್ಲ. ತಪ್ಪನ್ನು ಒಪ್ಪಿಕೊಳ್ಳುವವರನ್ನು ನಾನು ಕಂಡಿದ್ದೇನೆ. ಒಪ್ಪಿಕೊಂಡು ಅದನ್ನು ಸರಿಪಡಿಸುವ ಕೆಲಸವನ್ನೂ ಮಾಡುವವರು ಕಡಿಮೆ. ಅಂಥವರನ್ನು ದೇವರೇ ಕಳಿಸಿರುತ್ತಾನೆ ಎಂದು ನನ್ನ ನಂಬಿಕೆ.

ಮೊದಲ ಸೋಮವಾರ ಜಂಬಣ್ಣನವರು ಕಾರು ನಡೆಸಿದರು. ಪಕೀರಪ್ಪನವರು ಹಿಂದಿನ ರಾತ್ರಿಯೇ ಮಾನ್ವಿಗೆ ಬಂದು, ಬೆಳಿಗ್ಗೆ ಮುಂದಿನ ಸೀಟಿನಲ್ಲಿ ಕುಳಿತರು. ಜಂಬಣ್ಣನವರು ಏನೋ ಹೇಳಹೊರಟರೆ, "ಸುಮ್ಮ ಇರ್ರಿ ಸ್ವಲ್ಪ, ಎಂಜಿನ್ ಕೇಳಾಕತ್ತೀನಿ" ಎಂದರಂತೆ. ಕಲ್ಲೂರು ದಾಟಿದ ಮೇಲೂ ಅವರು ಸೀಟಿಗೆ ಬೆನ್ನು ಆನಿಸಲಿಲ್ಲ.

ಆಸ್ಪತ್ರೆಯ ಬಾಗಿಲಲ್ಲಿ ನೀಲಗಂಗಮ್ಮನವರನ್ನು ಗಾಲಿ ಕುರ್ಚಿಗೆ ಇಳಿಸಿದರು. ಒಳಗೆ ಹೋಗುವ ಮುನ್ನ ಅವರು ತಿರುಗಿ ಕೈ ಮುಗಿದರು. ಪಕೀರಪ್ಪನವರಿಗೆ ಅದು ಕಾಣಲಿಲ್ಲ. ಅವರಾಗಲೇ ಬಾನೆಟ್ ಎತ್ತಿ, ತಲೆ ಒಳಗಿಟ್ಟು, ಎಣ್ಣೆ ಎಲ್ಲಾದರೂ ಜಿನುಗಿದೆಯೇ ಎಂದು ನೋಡುತ್ತಿದ್ದರು.